ಚೌಕಿಪೇಟೆ ಪದ್ಧತಿಯಲ್ಲಿ ಇಂಜಿನಿಯರಿಂಗ್ ಸೀಟು

ಹರಿಹರದ ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳುವ ನನಗೆ ನಗುವುದಕ್ಕೆಂದು ಟಿವಿ ಹಾಕುವ ಅಗತ್ಯವೇ ಬಿದ್ದಿಲ್ಲ. ಅಡ್ಮಿಷನ್ ಕಾಲ ಬಂದರೆ ಸಾಕು, ಮಕ್ಕಳ ತಂದೆ ತಾಯಂದಿರು ತಾವಾಗಿಯೇ ಬಂದು ನಗಿಸಿ ಹೋಗುತ್ತಾರೆ. ನಾನು ನಗುವುದು ಮಾತ್ರ ಅವರು ಗೇಟು ದಾಟಿದ ಮೇಲೆ. ಎದುರಿಗೇ ನಕ್ಕರೆ ಮೇಷ್ಟ್ರ ಮರ್ಯಾದೆ ಉಳಿಯುವುದಿಲ್ಲ.

ಡಿಪ್ಲೊಮಾ ಎಂದರೆ ನಮ್ಮ ಜನರಿಗೆ ಎಷ್ಟು ಗೌರವ ಎನ್ನುವುದು ನಿಮಗೂ ಗೊತ್ತಿರಬಹುದು. ಹುಡುಗಿಯೊಬ್ಬಳು ಡಿಪ್ಲೊಮಾ ಸೇರಿದಳೆಂದರೆ, "ಪಾಪ, ಪಿಯುಸಿ ಸಿಗ್ಲಿಲ್ವಾ?" ಎಂದು ಸಾವಿನ ಮನೆಗೆ ಬಂದವರ ದನಿಯಲ್ಲಿ ಕೇಳುತ್ತಾರೆ. ಅದೇ ಹುಡುಗಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಪರೀಕ್ಷೆ ಬರೆದು, ಇಂಜಿನಿಯರಿಂಗ್ ಕಾಲೇಜಿನ ಎರಡನೇ ವರ್ಷಕ್ಕೆ ನೇರವಾಗಿ ಹೋಗಿ ಕೂತಳೋ, "ಅದೇನೋ ಹಿಂದಿನ ಬಾಗಿಲಂತೆ" ಎಂದು ಮೂಗು ಮುರಿಯುತ್ತಾರೆ. ಆ ಬಾಗಿಲಿಗೆ ಲ್ಯಾಟರಲ್ ಎಂಟ್ರಿ ಎಂದು ಹೆಸರು. ಒಳ್ಳೆಯ ಕಾಲೇಜುಗಳಲ್ಲಿ ಅದು ಎಷ್ಟು ಇಕ್ಕಟ್ಟಾಗಿರುತ್ತದೆ ಎಂದರೆ ಒಂದು ಬ್ರಾಂಚಿಗೆ ಬೆರಳೆಣಿಕೆಯ ಸೀಟು. ಅದರ ಮುಂದೆ ಇಡೀ ರಾಜ್ಯದ ಡಿಪ್ಲೊಮಾ ಮಕ್ಕಳು ನಿಂತಿರುತ್ತಾರೆ.

ಈಗ ಹೇಳುವುದೆಲ್ಲ ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಎದುರು ಮನೆಯವರ ಕಥೆ. ಯಜಮಾನರಿಗೆ ಚೌಕಿಪೇಟೆಯಲ್ಲಿ ಸೀರೆ ಅಂಗಡಿ. ಇಡೀ ಬೀದಿ ಅವರನ್ನು ಸಾಹುಕಾರ್ರು ಎಂದೇ ಕರೆಯುತ್ತದೆ. ಅವರಿಗೆ ಒಬ್ಬಳೇ ಮಗಳು. ಮನೆಯಲ್ಲಿ ದೇವರ ಪಟಕ್ಕಿಂತ ಗಟ್ಟಿಯಾಗಿ ನೇತುಬಿದ್ದಿರುವ ಒಂದು ಕಾನೂನಿದೆ: ಇಷ್ಟವಾದ ಮಾಲನ್ನು ಮೊದಲು ಮುಟ್ಟಬಾರದು, ಬೇಕು ಎನ್ನುವುದು ಮುಖದಲ್ಲಿ ಕಾಣಬಾರದು.

"ಗಿರಾಕಿ ಕಣ್ಣು ಯಾವ ಸೀರೆ ಮ್ಯಾಲೆ ನಿಲ್ತೈತೆ ಅಂತ ನೋಡಿ ರೇಟು ಹೇಳೋನು ನಾನು. ಈ ಮನೆ ಹಂಗೇ ಕಟ್ಟಿದ್ದು ಮೇಷ್ಟ್ರೇ," ಎಂದು ಅವರು ಹೆಮ್ಮೆಯಿಂದ ಹೇಳುತ್ತಾರೆ. ಜಗತ್ತಿನಲ್ಲಿ ಎಲ್ಲರೂ ತಮ್ಮ ಹಾಗೆಯೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ತಮ್ಮ ಕಣ್ಣನ್ನೇ ನೋಡುತ್ತಿದ್ದಾರೆ ಎಂದು ಅವರ ನಂಬಿಕೆ.

ಇನ್ನೆರಡು ತೋರಿಸ್ರಿ

ಮಗಳಿಗೆ ಹತ್ತನೇ ತರಗತಿಯಲ್ಲಿ ಅಂಕ ಸಾಧಾರಣ ಬಂದಿತ್ತು. ನಾನೇ ಹೇಳಿ ಹರಿಹರಕ್ಕೆ ಕರೆದುಕೊಂಡು ಹೋದೆ. ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳುವುದೆಂದು ಮನೆಯಲ್ಲೇ ತೀರ್ಮಾನವಾಗಿತ್ತು. ಸಾಹುಕಾರ್ರು ಪ್ರಿನ್ಸಿಪಾಲರ ಎದುರು ಕೂತವರೇ, "ಏನೇನೈತೆ, ತೋರಿಸ್ರಿ," ಎಂದರು.

ಪ್ರಿನ್ಸಿಪಾಲರು ಬ್ರಾಂಚುಗಳ ಹೆಸರು ಹೇಳಿದರು.

"ಬಾಯಲ್ಲಿ ಹೇಳಿದ್ರೆ ಹೆಂಗ್ರೀ? ಬಿಚ್ಚಿ ತೋರಿಸ್ರಿ."

ನಮ್ಮ ಪ್ರಿನ್ಸಿಪಾಲರು ಬಹಳ ಸಾಧು ಮನುಷ್ಯ. ಎದ್ದು ಮೆಕ್ಯಾನಿಕಲ್ ವರ್ಕ್‌ಶಾಪ್ ತೋರಿಸಿದರು. ಸಾಹುಕಾರ್ರು ಲೇತ್ ಯಂತ್ರವನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ಸಿವಿಲ್ ವಿಭಾಗದಲ್ಲಿ ಸಿಮೆಂಟಿನ ಇಟ್ಟಿಗೆಯನ್ನು ಎತ್ತಿ ತೂಕ ನೋಡಿದರು. ಆಟೋಮೊಬೈಲ್ ವಿಭಾಗದಲ್ಲಿ ಬಿಚ್ಚಿಟ್ಟಿದ್ದ ಇಂಜಿನ್ನನ್ನು ಕಂಡು, "ಇದು ಡ್ಯಾಮೇಜ್ ಮಾಲೇನ್ರೀ?" ಎಂದು ವಿಚಾರಿಸಿದರು. ಎಲೆಕ್ಟ್ರಾನಿಕ್ಸ್ ಲ್ಯಾಬಿನ ಮುಂದೆ ಮಾತ್ರ ಮುಖ ಆಚೆ ತಿರುಗಿಸಿಕೊಂಡು, ಕಣ್ಣು ಕೂಡ ಹಾಯಿಸದೆ, ಸರಸರನೆ ನಡೆದುಬಿಟ್ಟರು. ಹುಡುಗಿ ಪಾಪ ಕಿಟಕಿಯಿಂದ ಒಳಗೆ ಇಣುಕಲು ಹೋದಳು. ಅಪ್ಪ ಮೊಣಕೈಯಿಂದ ತಿವಿದರು.

ಕೊನೆಗೆ ವಾಪಸ್ ಬಂದು ಕೂತು, ಬೇಸರದ ಮುಖ ಮಾಡಿ, "ಯಾವುದೂ ಅಷ್ಟು ಮನಸ್ಸಿಗೆ ಬರ್ಲಿಲ್ಲ. ಇಲ್ಲೀತನಕ ಬಂದೀವಲ್ಲ ಅಂತ, ಆ ಮೂಲೆ ರೂಮಿಂದು ಯಾವುದೋ ಐತಲ್ಲ, ಅದನ್ನೇ ಹಾಕಿಬಿಡ್ರಿ," ಎಂದರು.

ಪ್ರಿನ್ಸಿಪಾಲರು ಹಾಕಿದರು. ಆ ಮೂಲೆ ರೂಮು ಸ್ಟೋರ್ ರೂಮು, ಅವರಿಗೆ ಬೇಕಾದ್ದು ಎಲೆಕ್ಟ್ರಾನಿಕ್ಸ್ ಎಂದು ಹೇಳಿ ತಿದ್ದಿಸುವ ಕೆಲಸವನ್ನು ಆಮೇಲೆ ನಾನು ಮಾಡಬೇಕಾಯಿತು.

ಏನೋ ಪಾಸಾಗೈತೆ

ಹುಡುಗಿ ಓದುವುದನ್ನು ನೋಡಿ ನನಗೇ ಗಾಬರಿಯಾಯಿತು. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ನಿಂತುಕೊಂಡು, ಒಂದು ಕೈಯಲ್ಲಿ ಕಂಬಿಗೆ ಜೋತುಬಿದ್ದು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಿದ್ದಳು. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಇಡೀ ಪಾಲಿಟೆಕ್ನಿಕ್ಕಿಗೆ ಮೊದಲು. ನಾನೇ ಸಿಹಿ ತೆಗೆದುಕೊಂಡು ಎದುರು ಮನೆಗೆ ಹೋದೆ.

ಸಾಹುಕಾರ್ರು ಸಿಹಿಯನ್ನು ಬಾಯಿಗೆ ಹಾಕಿಕೊಂಡು, "ಏನೋ ಪಾಸಾಗೈತೆ," ಎಂದರು.

"ಪಾಸಲ್ಲ ಸಾಹುಕಾರ್ರೇ, ಫಸ್ಟ್ ಬಂದಾಳೆ!"

ಅವರು ಎದ್ದು ಬೀದಿ ಬಾಗಿಲು ಹಾಕಿ ಬಂದರು. "ಮೆತ್ತಗೆ ಮಾತಾಡ್ರೀ ಮೇಷ್ಟ್ರೇ. ನಮ್ಮ ಮಾಲು ಚಲೋ ಐತೆ ಅಂತ ನಾವೇ ಕೂಗಿದ್ರೆ ತಗೊಳ್ಳೋರಿಗೆ ಅನುಮಾನ ಬರ್ತೈತೆ."

ಇದು ವ್ಯಾಪಾರದ ಯಾವ ನಿಯಮವೋ ನನಗೆ ಇಂದಿಗೂ ಗೊತ್ತಿಲ್ಲ. ಅವರ ಅಂಗಡಿಯ ಮುಂದೆ ಒಬ್ಬ ಬೆಳಗಿನಿಂದ ಸಂಜೆವರೆಗೆ "ಬರ್ರಿ ಅಕ್ಕಾರ, ಬರ್ರಿ, ಇಂಥ ಮಾಲು ಊರಾಗಿಲ್ಲ" ಎಂದು ಕೂಗುವುದಕ್ಕೇ ಸಂಬಳ ತೆಗೆದುಕೊಳ್ಳುತ್ತಾನೆ.

ಆ ಹುಡುಗಿಗೆ ಏನು ಬೇಕು ಎನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ಬೆಳೆಸಿದ್ದರಲ್ಲ! ನನಗೆ ಗೊತ್ತಾದದ್ದು ಒಂದು ಸಂಜೆ ಹರಿಹರದಿಂದ ವಾಪಸ್ ಬರುವಾಗ. ಬಸ್ಸಿನಲ್ಲಿ ಪಕ್ಕದಲ್ಲೇ ಸೀಟು ಸಿಕ್ಕಿತ್ತು. ಅದರ ಹಿಂದಿನ ವಾರ ದಾವಣಗೆರೆಯಲ್ಲೇ ಇರುವ ಒಂದು ದೊಡ್ಡ ಇಂಜಿನಿಯರಿಂಗ್ ಕಾಲೇಜಿಗೆ ನಾವು ಮಕ್ಕಳನ್ನು ಪ್ರಾಜೆಕ್ಟ್ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆವು. "ಅಲ್ಲಿ ಲ್ಯಾಬಲ್ಲಿ ಒಬ್ರು ಮೇಡಂ ನನ್ನ ಸರ್ಕ್ಯೂಟ್ ನೋಡಿ, ಮುಂದೆ ಇಲ್ಲಿಗೇ ಬಾ ಅಂದ್ರು ಸರ್," ಎಂದಳು. ಮುಖ ಮಾತ್ರ ಕಿಟಕಿಯ ಕಡೆಗೇ ಇತ್ತು. "ಸಿಗದಿದ್ರೆ ಅಂಗಡೀಲಿ ಕೂಡ್ಬೇಕು. ಹೆಂಗಸ್ರು ಸೀರೆ ತಗೊಳ್ಳೋಕೆ ಬಂದಾಗ ಹುಡುಗಿ ಇದ್ರೆ ಅನುಕೂಲ ಅಂತ ಅಪ್ಪಾಜಿ ಆಗಲೇ ಕುರ್ಚಿ ತರ್ಸಿದಾರೆ."

ಕುರ್ಚಿ ತರಿಸಿದ್ದು ನಿಜ. ನಾನು ಹೋಗಿ ನೋಡಿದೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ನನಗೆ ಬಹಳ ಸಂಕಟವಾಯಿತು. ಸಾಹುಕಾರ್ರಿಗೂ ಸಂಕಟವಿತ್ತಂತೆ, ಕುರ್ಚಿಯ ಬಣ್ಣ ಕೌಂಟರಿಗೆ ಹೊಂದಲಿಲ್ಲವೆಂದು.

ಅಂಗಡಿ ಒಂದು, ಪಾಲುದಾರರು ಇಬ್ಬರು

ಡಿಪ್ಲೊಮಾ ಮುಗಿದು ಡಿಸಿಇಟಿ ಪರೀಕ್ಷೆಯೂ ಆದ ಮೇಲೆ ಸಾಹುಕಾರ್ರ ಮನೆಯವರೆಲ್ಲ ಹರಿಹರದ ದೇವಸ್ಥಾನಕ್ಕೆ ಬಂದರು. ನನ್ನನ್ನೂ ಕರೆದರು. ಅರ್ಚಕರು ತಟ್ಟೆ ಹಿಡಿದು, "ಏನಂತ ಬೇಡ್ಕೊಳ್ತೀರಿ?" ಎಂದು ಕೇಳಿದರು.

"ಯಾವುದಾದ್ರೂ ಒಂದು ಕಾಲೇಜು ಸ್ವಾಮಿ. ಇಂಥದ್ದೇ ಅಂತ ಏನಿಲ್ಲ," ಎಂದರು ಸಾಹುಕಾರ್ರು, ಗರ್ಭಗುಡಿಯವರೆಗೂ ಕೇಳಿಸುವಂತೆ.

ಹೆಂಡತಿಗೆ ರೇಗಿತು. "ದೇವ್ರ ಮುಂದಾದ್ರೂ ನೆಟ್ಟಗೆ ಕೇಳ್ರಿ!"

ಸಾಹುಕಾರ್ರು ನನ್ನ ಕಿವಿಯ ಹತ್ತಿರ ಬಂದರು. "ಇಲ್ಲಿ ದೇವ್ರು ಅರ್ಧ ಹರಿ, ಅರ್ಧ ಹರ. ಪಾಲುದಾರರು ಇಬ್ರು ಇರೋ ಅಂಗಡಿ ಮೇಷ್ಟ್ರೇ. ಒಬ್ಬರ ಹತ್ರ ಗಟ್ಟಿಯಾಗಿ ಬ್ಯಾಡ ಅನ್ಬೇಕು, ಇನ್ನೊಬ್ಬರ ಹತ್ರ ಸರ್ಕೊಂಡು ಹೋಗಿ ಮೆತ್ತಗೆ ಕೇಳ್ಬೇಕು." ಹೇಳಿದ ಹಾಗೆಯೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿದರು.

ಹೊರಗೆ ಬಂದ ಮೇಲೆ, "ಮೆತ್ತಗೆ ಯಾವ ಕಾಲೇಜು ಕೇಳಿದ್ರಿ?" ಎಂದೆ.

"ಅಲ್ಲೂ ಹೇಳ್ಲಿಲ್ಲ. ಪಕ್ಕದಾಗೆ ನಿಂತಿದ್ದೋನು ಟೈ ಕಟ್ಟಿದ್ದ, ಯಾವುದೋ ಕಾಲೇಜಿನೋನು ಇದ್ದಂಗಿದ್ದ," ಎಂದರು.

ಮೊದಲು ಕೆಂಪು ಸೀರೆ

ರ್‍ಯಾಂಕ್ ಚೆನ್ನಾಗಿಯೇ ಬಂತು. ಇನ್ನು ಉಳಿದದ್ದು ಆಪ್ಷನ್ ಎಂಟ್ರಿ. ಯಾವ ಕಾಲೇಜು ಬೇಕು ಎನ್ನುವುದನ್ನು ಇಷ್ಟದ ಕ್ರಮದಲ್ಲಿ ಕಂಪ್ಯೂಟರಿನಲ್ಲಿ ತುಂಬಬೇಕು. ಮೇಲಿನಿಂದ ಕೆಳಗೆ ನೋಡುತ್ತಾ ಹೋಗಿ, ನಿಮ್ಮ ರ್‍ಯಾಂಕಿಗೆ ಮೊದಲು ಸಿಗುವುದನ್ನು ಕಂಪ್ಯೂಟರ್ ಕೊಟ್ಟುಬಿಡುತ್ತದೆ. ಕೊಟ್ಟ ಮೇಲೆ ಕೆಳಗಿನದ್ದನ್ನು ತಿರುಗಿಯೂ ನೋಡುವುದಿಲ್ಲ. ಇದನ್ನು ನಾನು ಸಾಹುಕಾರ್ರಿಗೆ ಚಹಾದ ಜೊತೆ, ಮಂಡಕ್ಕಿ ಮಿರ್ಚಿಯ ಜೊತೆ, ಏನೂ ಇಲ್ಲದೆ ಬರೀ ಕೈಯಲ್ಲಿ, ಹೀಗೆ ಹಲವು ವಿಧದಲ್ಲಿ ವಿವರಿಸಿದ್ದೆ. ದಾವಣಗೆರೆಯ ಆ ದೊಡ್ಡ ಕಾಲೇಜೇ ಆಗಬೇಕು ಎಂದೂ ಹೇಳಿದ್ದೆ, ಅವರೂ ಒಪ್ಪಿದ್ದರು.

ಕೊನೆಯ ದಿನ ಹೋಗಿ ನೋಡಿದರೆ ಮೊದಲನೇ ಸ್ಥಾನದಲ್ಲಿ ಯಾವುದೋ ಹೈವೇ ಪಕ್ಕದ ಕಾಲೇಜು ಕೂತಿದೆ. ಅಲ್ಲಿ ಬಸ್ಸು ಕೂಡ ಮನಸ್ಸಿದ್ದರೆ ಮಾತ್ರ ನಿಲ್ಲುತ್ತದೆ. ಹುಡುಗಿಗೆ ಬೇಕಾದ ದಾವಣಗೆರೆಯ ಕಾಲೇಜು ಎಲ್ಲೋ ಕೆಳಗೆ, ಪುಟ ಸರಿಸಿದರೆ ಮಾತ್ರ ಕಾಣುವ ಜಾಗದಲ್ಲಿದೆ.

"ಇದೇನ್ರೀ ಇದು!" ಎಂದೆ.

"ಮೊದ್ಲೇ ನಮಗೆ ಬೇಕಾದ್ದು ತೋರಿಸಿದ್ರೆ ಅವರು ಕೈಗೆ ಸಿಗ್ತಾರೇನ್ರೀ? ಮೊದ್ಲು ಈ ಕೆಂಪು ಸೀರೆ ಹಿಡ್ಕೊಂಡು ಕೂಡೋಣ. ಆಮ್ಯಾಲೆ ನಿಧಾನಕ್ಕೆ, ಅಲ್ಲೇನೋ ನೀಲಿ ಐತಲ್ಲ ಅನ್ನೋಣ."

"ಸಾಹುಕಾರ್ರೇ, ಆ ಕಡೆ ಮನುಷ್ಯರಿಲ್ಲ. ಕಂಪ್ಯೂಟರ್ ಐತೆ."

"ಕಂಪ್ಯೂಟರ್ ಇಟ್ಕೊಂಡೋರು ಮನುಷ್ಯರೇ ಅಲ್ವೇನ್ರೀ?"

ಹುಡುಗಿ ಬಾಗಿಲ ಹತ್ತಿರ ನಿಂತು ಅಪ್ಪನನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದಳು. ಅವಳ ಅಮ್ಮ ಅಡುಗೆಮನೆಯಿಂದ, "ಮದುವೆ ಮಾತುಕತೆಗೆ ಬಂದಾಗ್ಲೂ ಹಿಂಗೇ ಮಾಡಿದ್ರು. ನಮ್ಮ ಅಕ್ಕನ್ನ ನೋಡ್ಕೊಂಡು ಕೂತಿದ್ರು, ಕೇಳಿದ್ದು ನನ್ನನ್ನ," ಎಂದರು.

ಸಾಹುಕಾರ್ರು ಎದೆಯುಬ್ಬಿಸಿ ನನ್ನ ಕಡೆ ನೋಡಿದರು. "ಸಿಕ್ಕಳೋ ಇಲ್ವೋ?"

ಅಣಕು

ಪುಣ್ಯಕ್ಕೆ ನಿಜವಾದ ಸೀಟು ಹಂಚಿಕೆಗೆ ಮುಂಚೆ ಒಂದು ಅಣಕು ಹಂಚಿಕೆ ಇರುತ್ತದೆ. ಈಗಿನ ಕ್ರಮದಲ್ಲೇ ಬಿಟ್ಟರೆ ನಿಮಗೆ ಯಾವುದು ಸಿಗುತ್ತದೆ ಎಂದು ತೋರಿಸಿ, ಬೇಕಾದರೆ ಕ್ರಮ ಬದಲಾಯಿಸಿಕೊಳ್ಳಿ ಎನ್ನುತ್ತಾರೆ. ಆ ಅಣಕಿನಲ್ಲಿ ನಮ್ಮ ಹುಡುಗಿಗೆ ಯಾವುದು ಸಿಕ್ಕಿತೆಂದು ಹೇಳಬೇಕಾಗಿಲ್ಲ. ಹೈವೇ ಪಕ್ಕದ ಕಾಲೇಜು ಎರಡೂ ಕೈ ಚಾಚಿ ಅಪ್ಪಿಕೊಂಡಿತ್ತು.

ಸಾಹುಕಾರ್ರಿಗೆ ಸಂತೋಷವೋ ಸಂತೋಷ. "ಇದು ಅವರ ಮೊದಲ್ನೇ ರೇಟು! ಈಗ ನಾವು ಸುಮ್ನೆ ಕೂಡ್ಬೇಕು. ಕ್ರಮ ಗಿಮ ಏನೂ ಮುಟ್ಟಬ್ಯಾಡ್ರಿ. ಇಳೀತಾರೆ."

ಹುಡುಗಿ ಆ ರಾತ್ರಿ ಊಟ ಮಾಡಲಿಲ್ಲವೆಂದು ಅವಳ ಅಮ್ಮ ಬಂದು ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಕ್ರಮ ಬದಲಾಯಿಸೋಣವೆಂದರೆ ಲಾಗಿನ್ ಮಾಡಲು ಒಟಿಪಿ ಬೇಕು, ಒಟಿಪಿ ಬರುವುದು ಸಾಹುಕಾರ್ರ ಫೋನಿಗೆ, ಆ ಫೋನು ಅವರ ಜುಬ್ಬದ ಒಳಜೇಬಿನಲ್ಲಿ. ಮರುದಿನ ಹುಡುಗಿಯನ್ನು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿ ನಾನು ಚೌಕಿಪೇಟೆಗೆ ಹೋದೆ. ಬುದ್ಧಿ ಹೇಳುವುದನ್ನು ಅವತ್ತಿಗೆ ಬಿಟ್ಟುಬಿಟ್ಟಿದ್ದೆ.

"ಸಾಹುಕಾರ್ರೇ, ಗಿರಾಕಿ ಬೆಳಿಗ್ಗೆಯಿಂದ ಕೆಂಪು ಸೀರೆ ಹಿಡ್ಕೊಂಡು ಕೂತಿರ್ತಾಳೆ. ಇನ್ನೇನು ಬಿಲ್ ಹಾಕ್ಬೇಕು ಅನ್ನೋ ಹೊತ್ತಿಗೆ ತಟ್ಟಂತ ನೀಲಿ ಕೊಡಿ ಅಂದ್ರೆ ನೀವೇನು ಮಾಡ್ತೀರಿ?"

ಅವರ ಮುಖ ಗಂಭೀರವಾಯಿತು. "ಅದು ಭಾಳ ಕೆಟ್ಟ ಗಿರಾಕಿ ಮೇಷ್ಟ್ರೇ. ನೀಲಿಗೆ ರೇಟು ಏರ್ಸಾಕೆ ಟೈಮೇ ಸಿಗಲ್ಲ. ಅಸಲಿಗೇ ಕೊಟ್ಟು ಕಳಿಸ್ಬೇಕಾಗ್ತೈತೆ."

"ಹಂಗಾದ್ರೆ ಈಗ ದಾವಣಗೆರೆ ಕಾಲೇಜನ್ನ ತಟ್ಟಂತ ಮ್ಯಾಲೆ ಹಾಕೋಣ. ಗಾಬರಿ ಬೀಳ್ಲಿ."

ಸಾಹುಕಾರ್ರು ನನ್ನ ಕೈ ಹಿಡಿದು ಕುಲುಕಿದರು. "ಇಷ್ಟು ವರ್ಷ ಎದುರು ಮನೇಲಿ ಇದ್ದಿದ್ದಕ್ಕೆ ಇವತ್ತು ವ್ಯಾಪಾರ ಕಲ್ತ್ರಿ ನೋಡ್ರಿ!"

ಹುಡುಗಿಗೆ ಫೋನ್ ಮಾಡಿದೆ. ಒಟಿಪಿ ಬಂತು. ಸಾಹುಕಾರ್ರು ಓದಿ ಹೇಳಿದರು, ತಪ್ಪು ಎಂದು ಬಂತು. ಮತ್ತೆ ಬಂತು, ಮತ್ತೆ ಹೇಳಿದರು, ಮತ್ತೆ ತಪ್ಪು. ನಾನೇ ಫೋನ್ ಕಸಿದುಕೊಂಡು ನೋಡಿದರೆ ಅಲ್ಲಿರುವುದೇ ಬೇರೆ, ಅವರು ಹೇಳಿದ್ದೇ ಬೇರೆ. "ಮೊದ್ಲೇ ಸರಿಯಾದ್ದು ಹೇಳಿಬಿಟ್ರೆ ಹೆಂಗ್ರೀ?" ಎಂದರು.

ಮಾಲಿನಾಗೆ ಏನೋ ಐತೆ

ನಿಜವಾದ ಹಂಚಿಕೆಯಲ್ಲಿ ದಾವಣಗೆರೆಯ ಕಾಲೇಜೇ ಸಿಕ್ಕಿತು. ನಾನು ಬೀದಿಯಲ್ಲೇ ಕೂಗಿಕೊಂಡು ಓಡಿದೆ. ಹುಡುಗಿಯ ಅಮ್ಮ ಕಣ್ಣೊರೆಸಿಕೊಂಡರು. ಹುಡುಗಿ ಅಪ್ಪನ ಮುಖ ನೋಡಿ ನಗುವನ್ನು ಅರ್ಧಕ್ಕೇ ನಿಲ್ಲಿಸಿದಳು, ಏಕೆಂದರೆ ಸಾಹುಕಾರ್ರ ಮುಖ ಬಾಡಿಹೋಗಿತ್ತು.

"ಒಂದು ಮಾತೂ ಆಡದೆ ಕೊಟ್ಟುಬಿಟ್ರಲ್ಲ ಮೇಷ್ಟ್ರೇ. ಮಾಲಿನಾಗೆ ಏನೋ ಐತೆ."

"ಊರಿಗೇ ದೊಡ್ಡ ಕಾಲೇಜು ಅದು!"

"ನಾನು ತೂತು ಬಿದ್ದ ಸೀರೇನ ಹಿಂಗೇ ಮಾರೋದು. ಕೇಳಿದ ರೇಟಿಗೆ ಹೂಂ ಅಂದು ಕಟ್ಟಿಕೊಡ್ತೀನಿ."

ಮರುದಿನ ನನ್ನನ್ನೂ ಎಳೆದುಕೊಂಡು ಅವರೇ ತನಿಖೆಗೆ ಹೊರಟರು. ಕಾಲೇಜಿನ ಗೇಟಿನಲ್ಲಿ ಬೆಳಗಿನಿಂದ ನಿಂತರು. ಆಟೋದವರನ್ನು ಕೇಳಿದರು, ಜೆರಾಕ್ಸ್ ಅಂಗಡಿಯವನನ್ನು ಕೇಳಿದರು, ಹೊರಗೆ ಬಂದ ಹುಡುಗರನ್ನೆಲ್ಲ ನಿಲ್ಲಿಸಿ "ತಗೊಂಡು ಎಷ್ಟು ದಿನ ಆತು, ಏನಾದ್ರೂ ಬಣ್ಣ ಬಿಟ್ಟೈತಾ?" ಎಂದು ವಿಚಾರಿಸಿದರು. ಗೋಡೆಗೆ ಬೆರಳು ಒತ್ತಿ ನೋಡಿದ್ದನ್ನು ನಾನೇ ಕಣ್ಣಾರೆ ಕಂಡೆ. ಕೊನೆಗೆ ವಾಚ್‌ಮನ್ ಬಂದು, "ಯಾರನ್ನ ನೋಡ್ಬೇಕ್ರಿ?" ಎಂದ.

ತಮ್ಮ ಅಂಗಡಿಯಲ್ಲಿ ಯಾವ ಗಿರಾಕಿ ಹೇಳಿದರೂ ಒಳಗೊಳಗೇ ಬೈದುಕೊಳ್ಳುವ ಮಾತನ್ನು ಸಾಹುಕಾರ್ರು ಅಲ್ಲಿ ತಾವೇ ಹೇಳಿದರು: "ಏನಿಲ್ಲ, ಸುಮ್ನೆ ನೋಡಾಕೆ ಬಂದೀನಿ."

ಕೌಂಟರಿನ ಮುಂದೆ

ಹೀಗೆ ಸುಮ್ಮನೆ ನೋಡುತ್ತ ನೋಡುತ್ತ, ಕಾಲೇಜಿಗೆ ಸೇರಲು ಕೊಟ್ಟಿದ್ದ ಕೊನೆಯ ದಿನ ಬಂತು. ಅವತ್ತು ಸಂಜೆಯೊಳಗೆ ಹಾಜರಾಗದಿದ್ದರೆ ಸೀಟು ರದ್ದು. ಆಮೇಲೆ ಪ್ಲಾಸ್ಟಿಕ್ ಕವರಿನ ಕುರ್ಚಿಯೇ ಗತಿ. ನಾನು ರಜೆ ಹಾಕಿ ಅಪ್ಪ ಮಗಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ.

ಹಾಲ್ ತುಂಬ ಜನ. ಕೌಂಟರಿನಲ್ಲಿ ಒಬ್ಬರು ಮೇಡಂ ಕನ್ನಡಕದ ಮೇಲಿಂದ ನೋಡಿ, "ಬರ್ರಿ, ಜಾಯಿನ್ ಆಗೋದಾ?" ಎಂದರು.

ಸಾಹುಕಾರ್ರು ಕುರ್ಚಿಗೆ ಒರಗಿದರು. "ನೋಡೋಣ. ನಮಗೇನೂ ಅಂಥಾ ಅರ್ಜೆಂಟಿಲ್ಲ. ಇನ್ನೂ ಒಂದೆರಡು ಕಡೆ ನೋಡಿ ಬಂದೀವಿ, ಅಲ್ಲಿ ಚಲೋ ಐತೆ."

"ಹಂಗಾದ್ರೆ ಬ್ಯಾಡ ಅಂತ ಬರ್ಕೊಡ್ರಿ. ಮುಂದಿನೋರು ಬರ್ರಿ."

ಸಾಹುಕಾರ್ರು ನನ್ನ ಕಡೆ ಕಣ್ಣು ಮಿಟುಕಿಸಿ, "ನಡಿಯಮ್ಮ, ಹೋಗೋಣ," ಎಂದು ಎದ್ದೇಬಿಟ್ಟರು. ಬಾಗಿಲ ಕಡೆ ಹೊರಟರು, ಕಿವಿ ಹಿಂದಕ್ಕಿಟ್ಟುಕೊಂಡು, ಒಂದೊಂದು ಹೆಜ್ಜೆಯನ್ನೂ ಅಳೆದು ಅಳೆದು. ಅಂಗಡಿಯವನು ಕರೆಯಲು ಎಷ್ಟು ಸಮಯ ಬೇಕೋ ಅಷ್ಟು ಸಮಯ ಕೊಡುವ ನಡಿಗೆ ಅದು. ಯಾರೂ ಕರೆಯಲಿಲ್ಲ. ಬಾಗಿಲಲ್ಲಿ ನಿಂತು ಚಪ್ಪಲಿ ಹುಡುಕಿದರು. ಚಪ್ಪಲಿ ಕಾಲಿನಲ್ಲೇ ಇತ್ತು. ಆಗಲೂ ಯಾರೂ ಕರೆಯಲಿಲ್ಲ. ಮೇಡಂ ಮುಂದಿನ ಹುಡುಗನ ಅಂಕಪಟ್ಟಿ ನೋಡುತ್ತಿದ್ದರು.

ಹಿಂತಿರುಗಿ ನೋಡಿದರೆ ಹುಡುಗಿ ಕೌಂಟರಿನ ಹತ್ತಿರವೇ ಇದ್ದಾಳೆ. ಅಲ್ಲಿಂದ ಅಲುಗಾಡಿಲ್ಲ.

"ಮೇಡಂ," ಎಂದಳು. ದನಿ ಮೊದಲು ನಡುಗಿತು, ಆಮೇಲೆ ಇಡೀ ಹಾಲಿಗೆ ಕೇಳಿಸುವಷ್ಟು ದೊಡ್ಡದಾಯಿತು. "ನನಗೆ ಈ ಸೀಟು ಬೇಕು. ಇಷ್ಟು ಓದಿದ್ದೇ ಇಲ್ಲಿಗೆ ಬರ್ಬೇಕು ಅಂತ. ಬೇರೆ ಯಾವುದೂ ನೋಡಿಲ್ಲ, ಬೇರೆ ಯಾವುದೂ ಬ್ಯಾಡ. ನನಗೆ ಇದೇ ಬೇಕು."

ಸಾಹುಕಾರ್ರು ಬಾಗಿಲಿನಿಂದ ದಡದಡನೆ ವಾಪಸ್ ಬಂದರು. ಬೈಯುತ್ತಾರೆಂದು ನಾನು ನಡುವೆ ಹೋಗಿ ನಿಂತೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ ಮಗಳ ಮುಖವನ್ನೇ ನೋಡಿದರು.

"ಇಷ್ಟು ಬೇಕಾಗಿತ್ತೇನಮ್ಮ?"

ಅವಳು ತಲೆಯಾಡಿಸಿದಳು. ಕಣ್ಣು ತುಂಬಿ ಬಂದಿತ್ತು.

"ನನಗೊಂದು ಮಾತು ಹೇಳ್ಬಾರ್ದಾ?" ಎಂದರು. ಅವರ ದನಿಯೂ ಒಡೆದಿತ್ತು. ಕೌಂಟರಿನ ಮೇಡಂ ಕೂಡ ಕನ್ನಡಕ ತೆಗೆದು ಒರೆಸಿಕೊಂಡರು. ಸಾಹುಕಾರ್ರು ಕುರ್ಚಿ ಎಳೆದುಕೊಂಡು ಕೂತು, ಫೀಸು ಎಷ್ಟೆಂದು ಕೂಡ ಕೇಳದೆ, ಅವರು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದರು. ಹುಡುಗಿ ರಸೀದಿ ಹಿಡಿದುಕೊಂಡು ಲ್ಯಾಬು ಎಲ್ಲಿದೆ ಎಂದು ಕೇಳುತ್ತಾ ಓಡಿಯೇ ಹೋದಳು.

ಇಷ್ಟು ವರ್ಷಕ್ಕೆ ಈ ಮನುಷ್ಯ ಬದಲಾದರಲ್ಲ ಎಂದು ನಾನು ಅವರ ಹೆಗಲ ಮೇಲೆ ಕೈ ಇಟ್ಟೆ. ಅವರು ಕಣ್ಣೊರೆಸಿಕೊಂಡು, ಆ ಕಡೆ ಈ ಕಡೆ ನೋಡಿ, ನನ್ನ ಕಿವಿಯಲ್ಲಿ ಪಿಸುಗುಟ್ಟಿದರು:

"ಮಗಳಿಗೆ ಹೇಳ್ಬ್ಯಾಡ್ರಿ ಮೇಷ್ಟ್ರೇ, ಬೇಜಾರಾಗ್ತಾಳೆ. ಇನ್ನೊಂದು ಐದು ನಿಮಿಷ ಬಾಯಿ ಮುಚ್ಕೊಂಡಿದ್ರೆ ಅವರೇ ಕರೀತಿದ್ರು."